ಗೂಡೆ, ಸ್ತ್ರೀಲಿಂಗ, ಏಕವಚನ

ಮೇಜು ಹೆಣ್ಣಂತೆ.
ಅಮಲೋರ್ ಮಿಸ್ ಹಾಗೆಂದು ಮೇಜಿನ ಬೆನ್ನು ತಟ್ಟಿದರು,
ಹೊಸ ಸೊಸೆಯನ್ನು ನೆಂಟರಿಗೆ ತೋರಿಸುವವರ ಹಾಗೆ.
ಲಾ ತಾಬ್ಲ್.
ಪುಸ್ತಕ ಗಂಡು. ಬೀಗದ ಕೈ ಹೆಣ್ಣು. ಚಾಕು ಗಂಡು.
ಹಸೈನಾರ್ ಕೈಯೆತ್ತಿದ: ಯಾಕೆ ಮಿಸ್?
ಯಾಕೆ ಗೀಕೆ ಇಲ್ಲ, ಬಾಯಿಪಾಠ,
ಎಂದರು ಪುದುಚೇರಿಯ ಮಿಸ್, ತಮಿಳು ಬೆರೆತ ಕನ್ನಡದಲ್ಲಿ.

ಕಾಲೇಜಿನ ಹಿಂದಿನ ಆ ಕೋಣೆಗೆ ಎರಡು ಕಿಟಕಿ.
ಒಂದಕ್ಕೆ ಗಾಜಿನ ಬದಲು ಬ್ಯಾಂಕಿನ ಹಳೆಯ ಕ್ಯಾಲೆಂಡರು.
ಅದರ ಸಂದಿನಿಂದ ಮಡಿಕೇರಿಯ ಮಂಜು ಒಳಗೆ ನುಸುಳಿ
ಬೋರ್ಡಿನ ಮೇಲಿನ ಕ್ರಿಯಾಪದಗಳನ್ನು ಒದ್ದೆ ಮಾಡುತ್ತದೆ.
ತೆಳುವಾಗಿದ್ದರೆ ಲಾ ಬ್ರೂಮ್, ಹೆಣ್ಣು;
ದಟ್ಟವಾದರೆ ಲ ಬ್ರುಯಾರ್, ಗಂಡು.
ರಾಜಾಸೀಟಿನ ಕಡೆಯಿಂದ ಹೊರಟದ್ದು
ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಎಲ್ಲಿ ಲಿಂಗ ಬದಲಿಸಿತು?
ನಮಗಾದರೆ ಒಂದೇ ಮಾತು.
ಮಂಜು. ಅದು ಬಂತು. ಅದು ಹೋಯ್ತು.

ಅದು.
ಮನೆಯಲ್ಲಿ ನಾನೂ ಅದು.
‘ಗೂಡೆ ಬಾತಾ?’ ಎನ್ನುತ್ತಾಳೆ ಅಜ್ಜಿ ಒಲೆಯ ಬುಡದಿಂದ,
ಬೆಕ್ಕು ಬಂತೇ, ಮಳೆ ಬಂತೇ ಎಂದು ಕೇಳುವ
ಅದೇ ನಮ್ಮ ಅರೆಭಾಷೆಯ ಕ್ರಿಯಾಪದದಲ್ಲಿ.
ತಮ್ಮ ಬರುತ್ತಾನೆ. ನಾನು ಬರುತ್ತದೆ.
ಅದರಲ್ಲಿ ಪ್ರೀತಿಯಿಲ್ಲ ಎಂದರೆ ಸುಳ್ಳು;
ಬಿಸಿ ಬೂದಿಯೊಳಗೆ ನನಗೆಂದೇ
ಹಲಸಿನ ಬೀಜ ಬಚ್ಚಿಡುವ ಕೈಯೂ ಅದೇ.
ಹದಿನೆಂಟು ವರ್ಷ ನನಗಿದು ಕೇಳಿಸಿರಲಿಲ್ಲ.
ಒಂದು ಮೇಜಿನ ದೆಸೆಯಿಂದ ಕೇಳಿಸಿತು.

ಮೈದಾ ಅಂಟು ಕಾಯಿಸಿ
ಮನೆಯ ಸಾಮಾನಿಗೆಲ್ಲ ಚೀಟಿ ಹಚ್ಚಿದೆ.
ಬಾಗಿಲು, ಸೌಟು, ಕನ್ನಡಿ, ಮೆಣಸಿನ ಡಬ್ಬಿ.
ಗೋಡೆಯ ಕೋವಿಗೆ ಮಾತ್ರ ಅಪ್ಪ ಬಿಡಲಿಲ್ಲ.
ಹೆಸರಾದರೂ ಕೇಳಪ್ಪಾ, ಎಂದೆ: ಲ ಫ್ಯುಜಿ.
ಕೊನೆಗೊಂದು ಲಕಾರ ಉಂಟು, ಉಚ್ಚರಿಸಬಾರದು.
ಅಪ್ಪ ಸ್ವಲ್ಪ ಹೊತ್ತು ಕೋವಿಯನ್ನೇ ನೋಡಿದರು,
ಇಷ್ಟು ವರ್ಷ ಅದು ಏನೋ ಮುಚ್ಚಿಟ್ಟಿತ್ತು ಎಂಬಂತೆ.

ರಾತ್ರಿ ಸಂಖ್ಯೆಗಳು.
ಎಪ್ಪತ್ತಕ್ಕೆ ಅರವತ್ತು ಹತ್ತು,
ಎಂಬತ್ತಕ್ಕೆ ನಾಲ್ಕು ಇಪ್ಪತ್ತು,
ತೊಂಬತ್ತೊಂಬತ್ತಕ್ಕೆ ನಾಲ್ಕು ಇಪ್ಪತ್ತು ಹತ್ತು ಒಂಬತ್ತು.
ಹುಚ್ಚರ ಲೆಕ್ಕ, ಎಂದು ತಮ್ಮ ನಕ್ಕ.
ಅಜ್ಜಿ ನಗಲಿಲ್ಲ.
ಕಿತ್ತಳೆ ಮತ್ತೆ ಹೇಗೆ ಎಣಿಸುವುದು? ಎಂದಳು,
ಇಪ್ಪತ್ತರ ಗುಡ್ಡೆ ಮಾಡಿಯೇ ತಾನೇ
ನಿನ್ನಜ್ಜ ವ್ಯಾಪಾರಿಗೆ ಅಳೆದು ಕೊಟ್ಟದ್ದು?
ಅಜ್ಜಿಗೆ ಈಗ ನಾಲ್ಕು ಇಪ್ಪತ್ತು ಮೂರು.
ನಾಲ್ಕು ಗುಡ್ಡೆ ಕಿತ್ತಳೆ,
ಕೈಯಲ್ಲಿ ಇನ್ನೂ ಮೂರು.

ಅಕ್ಟೋಬರಿನಲ್ಲಿ ಭೂತಕಾಲ ಬಂತು.
ಹೋದದ್ದು, ಬಂದದ್ದು, ಹತ್ತಿದ್ದು, ಬಿದ್ದದ್ದು,
ಹುಟ್ಟಿದ್ದು, ಸತ್ತದ್ದು: ಇವಕ್ಕೆ ಬೇರೆ ನಿಯಮ.
‘ಇರು’ ಎಂಬ ಕ್ರಿಯೆ ಇವುಗಳ ಕೈಹಿಡಿದು ನಡೆಸಬೇಕು.
ಹೋದವಳು ಹೆಣ್ಣಾದರೆ, ಹುಟ್ಟಿದವಳು ಹೆಣ್ಣಾದರೆ
ಕೊನೆಗೆ ಒಂದಕ್ಷರ ಹೆಚ್ಚು.
ಓದಿದರೆ ಕೇಳಿಸುವುದಿಲ್ಲ, ಎಂದರು ಮಿಸ್.
ಮತ್ತೆ ಬರೆಯುವುದು ಯಾಕೆ? ಈ ಸಲ ಕೇಳಿದ್ದು ನಾನು.
ಮಿಸ್ ಸೆರಗಿನ ಚಾಕ್‌ಪುಡಿ ಕೊಡವಿಕೊಂಡರು.
ಬರೆಯದಿದ್ದರೆ ಅರ್ಧ ಮಾರ್ಕು ಹೋಗ್ತದೆ.

ಪರೀಕ್ಷೆ. ನಿಮ್ಮ ಬಗ್ಗೆ ಐದು ವಾಕ್ಯ ಬರೆಯಿರಿ.
ಜ ಸ್ವೀ ನೇ, ಮಡಿಕೇರಿಯಲ್ಲಿ ಹುಟ್ಟಿದೆ, ಎಂದು ಬರೆದು
ಮೂರನೆಯ ಪುಟದವರೆಗೆ ಹೋದವಳು
ತಿರುಗಿ ಬಂದು ಆ ಅಕ್ಷರ ಸೇರಿಸಿದೆ.
ಜಾಗ ಸಾಲದೆ ಪಕ್ಕದ ಪದಕ್ಕೆ ಮೊಣಕೈ ತಾಗಿ
ಸ್ವಲ್ಪ ಸೊಟ್ಟಗೆ ಕೂತಿತು.

ಸಂಜೆ ಅಕಾಲ ಮಳೆ. ಅಂಗಳದ ಕಾಫಿಗೆ
ಎಲ್ಲರೂ ಸೇರಿ ಟಾರ್ಪಾಲು ಹೊದಿಸುತ್ತಿದ್ದರು.
‘ಗೂಡೆ ಬಾತಾ?’
ಬಾತ್, ಎಂದೆ.
ಕೊಡೆಯನ್ನು, ಅದು ಗಂಡು,
ಹೊರಗೇ ನಿಲ್ಲಿಸಿ ಒಳಗೆ ಹೋದೆ.